ತೊಗರಿಯ ಸೀಮೆಯಲ್ಲಿ ಕಾವಲಿನ ಗೆರೆ

ಮಾರ್ಗಶಿರ ಮಾಸವು ಮುಗಿಯುವ ಎಳ್ಳ ಅಮಾವಾಸ್ಯೆಯಂದು ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳ್ಳಿಗಳಲ್ಲಿ ಹಗಲು ಹೊತ್ತು ಜನರ ಸುಳಿವು ಕಾಣುವುದು ವಿರಳ. ಸಜ್ಜೆಯ ಕಡಬು, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆಗಳ ಬುಟ್ಟಿಯನ್ನು ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ನಡೆದಿರುತ್ತಾರೆ. ಬೆಳೆಯ ನಡುವೆ ಕಲ್ಲುಗಳನ್ನಿರಿಸಿ ಪೂಜಿಸಿದ ಮೇಲೆ, ತಾವು ಉಣ್ಣುವುದಕ್ಕೆ ಮುಂಚೆ, ಮನೆಯ ಹಿರಿಯನು ಚರಗದ ಪಾತ್ರೆಯನ್ನು ಹಿಡಿದು, ಬದುವಿನ ಗುಂಟ ನಾಲ್ಕು ದಿಕ್ಕಿಗೂ ಅನ್ನವನ್ನು ಚೆಲ್ಲುತ್ತ ಒಂದು ಸುತ್ತು ಬರುತ್ತಾನೆ. ಅವನ ಹಿಂದೆ ಇನ್ನೊಬ್ಬನು ನೀರು ಚಿಮುಕಿಸುತ್ತ ನಡೆಯುತ್ತಾನೆ. ಹಿಂಗಾರಿ ಜೋಳವು ಏಳುತ್ತಿರುವ, ತೊಗರಿಯು ಕಾಯಿಕಟ್ಟಿ ಬಲಿಯುತ್ತಿರುವ, ಹುಳುವಿನ ಭಯವೂ ರೋಗದ ಭಯವೂ ಒಕ್ಕಲಿಗನನ್ನು ಒಟ್ಟಿಗೆ ಕಾಡುವ ಕಾಲವದು. ಭೂಮಿತಾಯಿಗೆ ಬಡಿಸುವ ಬಯಕೆಯ ಊಟವಿದೆಂದು ಹಿರಿಯರು ಹೇಳುವ ಮಾತು ನಿಜವೇ. ಆದರೆ ಊಟವನ್ನು ಹೊಲದ ನಡುವೆ ಒಂದೆಡೆ ಇಟ್ಟು ಕೈಮುಗಿಯದೆ, ಎಲ್ಲೆಯ ಮೇಲೆಯೇ ಸುತ್ತು ಹಾಕಿ ಚೆಲ್ಲಬೇಕೆಂಬ ವಿಧಿಯಲ್ಲಿ, ಒಳಗಿನ ಬೆಳೆಯನ್ನು ಹೊರಗಿನ ಕೇಡಿನಿಂದ ಬೇರ್ಪಡಿಸುವ ಒಂದು ಗೆರೆಯ ಕಲ್ಪನೆಯು ಸ್ಪಷ್ಟವಾಗಿ ಅಡಗಿದೆಯೆಂದು ನನಗೆ ತೋರುತ್ತದೆ.

ಹೊಲಕ್ಕೆ ಗೆರೆಯಿದ್ದಂತೆ ಊರಿಗೂ ಗೆರೆಯಿತ್ತು. ಕಾಲರಾ, ಸಿಡುಬುಗಳಂಥ ಬೇನೆ ಬಂದಾಗ ಊರಮ್ಮನನ್ನು ಪೂಜಿಸಿ, ಮೆರವಣಿಗೆಯಲ್ಲಿ ಒಯ್ದು, ಊರ ಸೀಮೆಯ ಆಚೆಗೆ ಬಿಟ್ಟು ಬರುವ ಪದ್ಧತಿ ಕನ್ನಡ ನಾಡಿನ ಬಹುಭಾಗದಲ್ಲಿ ರೂಢಿಯಲ್ಲಿದ್ದಿತು. ಸೀಮೆಯಾಚೆಗೆ ಬಿಟ್ಟ ದೇವಿಯು ಮುಂದಿನ ಊರಿನ ಸೀಮೆಯೊಳಗೆ ಬಂದಂತೆಯೇ ಸರಿ. ಆದಕಾರಣ ಆ ಊರಿನವರೂ ತಮ್ಮ ಸರದಿಯ ಪೂಜೆಯನ್ನು ಸಲ್ಲಿಸಿ ಅವಳನ್ನು ಅದರಾಚೆಯ ಊರಿಗೆ ಸಾಗಿಸಬೇಕಾಗುತ್ತಿತ್ತು. ಒಂದು ಊರಿನ ರಕ್ಷೆಯು ಮತ್ತೊಂದು ಊರಿನ ಆಪತ್ತಾಗುವ ಈ ಸಂಕಟವು ಗ್ರಾಮೀಣರ ಅಜ್ಞಾನದಿಂದ ಹುಟ್ಟಿದ್ದೆಂದು ಭಾವಿಸಲಾಗದು. ಮುಂದೆ ಸುಶಿಕ್ಷಿತ ಸರ್ಕಾರಗಳು ಸಸ್ಯಗಳ ರೋಗವನ್ನು ತಡೆಯಲೆಂದು ರಚಿಸಿದ ಎಲ್ಲ ಶಾಸನಗಳ ಬುಡದಲ್ಲಿಯೂ ಇದೇ ಸಂಕಟವು ಕುಳಿತಿದೆ.

ಆ ಶಾಸನಗಳ ಚರಿತ್ರೆ ದೀರ್ಘವಾದದ್ದು. ಗೋಧಿಯ ಹೊಲದ ಬಳಿ ಬಾರ್ಬೆರಿ ಎಂಬ ಮುಳ್ಳುಕಂಟಿ ಇದ್ದರೆ ಗೋಧಿಗೆ ತುಕ್ಕು ಹತ್ತುವುದೆಂದು ಕಂಡುಕೊಂಡ ಫ್ರಾನ್ಸಿನ ರೂಆನ್ ಪ್ರಾಂತದಲ್ಲಿ 1660ರಲ್ಲಿಯೇ ಆ ಕಂಟಿಯನ್ನು ಕಡಿಯಬೇಕೆಂಬ ಕಟ್ಟಳೆ ಹುಟ್ಟಿತೆಂದು ಸಸ್ಯರೋಗಶಾಸ್ತ್ರದ ಗ್ರಂಥಗಳು ಹೇಳುತ್ತವೆ. ತುಕ್ಕಿನ ಶಿಲೀಂಧ್ರವು ಎರಡೂ ಗಿಡಗಳಲ್ಲಿ ಸರದಿಯಂತೆ ಬಾಳುವುದೆಂಬ ಶಾಸ್ತ್ರೀಯ ನಿರ್ಣಯವು ಜರ್ಮನಿಯ ಡಿ ಬಾರಿ ಎಂಬ ಪಂಡಿತನಿಂದ ಹೊರಬಿದ್ದುದು ಅದಾಗಿ ಎರಡು ಶತಮಾನಗಳ ಮೇಲೆ. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನು ಯುರೋಪಿನ ದ್ರಾಕ್ಷಿಯ ತೋಟಗಳನ್ನು ಬೇರಿನಲ್ಲಿಯೇ ಕೊಂದಾಗ ಹಲವು ದೇಶಗಳು 1878ರಲ್ಲಿ ಬರ್ನ್ ನಗರದಲ್ಲಿ ಸೇರಿ ಒಡಂಬಡಿಕೆ ಮಾಡಿಕೊಂಡವು. ಭಾರತದಲ್ಲಿ ಮೊದಲ ಹೆಜ್ಜೆ ಹತ್ತಿಯ ಸಲುವಾಗಿ ಬಿದ್ದಿತು: ಅಮೆರಿಕದ ಹತ್ತಿಯ ಹೊಲಗಳನ್ನು ಹಾಳುಗೆಡವುತ್ತಿದ್ದ ಮೆಕ್ಸಿಕೋದ ಮೂತಿಹುಳುವು ಇತ್ತ ಬಾರದಿರಲೆಂದು, ಹೊರದೇಶದ ಹತ್ತಿಯನ್ನು ವಿಷಧೂಮಕ್ಕೆ ಒಡ್ಡಿದ ಬಳಿಕವೇ ಒಳಗೆ ಬಿಡತಕ್ಕದ್ದೆಂದು 1906ರಲ್ಲಿ ಸರ್ಕಾರವು ಆಜ್ಞೆ ಹೊರಡಿಸಿತು. ಆ ಹುಳು ಇಂದಿಗೂ ಭಾರತಕ್ಕೆ ಕಾಲಿಟ್ಟಿಲ್ಲ. 1914ರ ಫೆಬ್ರುವರಿ 3ರಂದು ವಿನಾಶಕಾರಿ ಕೀಟ ಮತ್ತು ಪೀಡೆಗಳ ಅಧಿನಿಯಮವು ಜಾರಿಗೆ ಬಂದ ಮೇಲೆ ಬಂದರುಗಳ ಕಾವಲು ಶಾಶ್ವತವಾದ ವ್ಯವಸ್ಥೆಯಾಯಿತು.

ಬಂದರಿನ ಕಾವಲು ಸಮುದ್ರದಿಂದ ಬರುವ ಶತ್ರುವಿಗೆ ಸರಿ. ಆದರೆ ಸಮುದ್ರದಿಂದ ನೂರಾರು ಮೈಲಿ ಒಳಗಿರುವ ವಾಡಿಯಂಥ ಊರಿಗೆ ಅದರಿಂದ ಏನಾಯಿತು ಎಂಬುದನ್ನು ವಿಚಾರಿಸಬೇಕು. ಮುಂಬಯಿಯಿಂದ ಮದ್ರಾಸಿನ ಕಡೆಗೆ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಶಹಾಬಾದು, ವಾಡಿಗಳ ಮೇಲಿಂದ ಹಾಯ್ದು 1871ರಲ್ಲಿ ರಾಯಚೂರನ್ನು ಮುಟ್ಟಿತು. ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಹೈದರಾಬಾದಿಗೆ ಹೋಗುವ ನಿಜಾಮರ ರೈಲು 1874ರಲ್ಲಿ ಓಡತೊಡಗಿತು. ಅಲ್ಲಿಂದಾಚೆಗೆ ಈ ಸೀಮೆಯ ಪರ್ಸಿಕಲ್ಲು, ಜೋಳ, ತೊಗರಿ, ಎಣ್ಣೆಕಾಳುಗಳು ಹೊರಗೆ ಹೋಗಲು ದಾರಿಯಾದಂತೆ, ಹೊರಗಿನ ಬೀಜ, ಗೋಣಿಚೀಲ, ಮೇವು, ಅವುಗಳೊಡನೆ ಅಂಟಿಕೊಂಡು ಬರುವುದೆಲ್ಲವೂ ಒಳಗೆ ಬರಲು ದಾರಿಯಾಯಿತು. ಟಿಕೇಟಿಲ್ಲದ ಮನುಷ್ಯನನ್ನು ಇಳಿಸುವ ಅಧಿಕಾರಿ ಪ್ರತಿಯೊಂದು ನಿಲ್ದಾಣದಲ್ಲಿಯೂ ಇದ್ದನು. ಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡ ಕಸದ ಬೀಜವನ್ನು ಇಳಿಸುವವರು ಯಾರೂ ಇರಲಿಲ್ಲ.

ಇದು ಕೇವಲ ಊಹೆಯ ಮಾತಲ್ಲ. 1950ರ ದಶಕದ ನಡುವೆ ಪುಣೆಯ ಸುತ್ತಮುತ್ತ ಕಾಣಿಸಿಕೊಂಡ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಕಸವೆನಿಸಿಕೊಂಡು, ರೈಲುಹಳಿಗಳ ಮಗ್ಗುಲನ್ನೂ ರಸ್ತೆಯ ಅಂಚನ್ನೂ ಹಿಡಿದು ದಕ್ಷಿಣಕ್ಕೆ ಇಳಿಯಿತು; ಹೊರದೇಶದಿಂದ ಬಂದ ಗೋಧಿಯ ಜತೆಯಲ್ಲಿ ಅದು ಬಂದಿತೆಂಬುದು ಬಹುಜನರ ನಂಬಿಕೆ. ಕರ್ನಾಟಕ ಸರ್ಕಾರವು 1975ರಲ್ಲಿ ಅದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು; ಅಂದರೆ ತನ್ನ ಭೂಮಿಯಲ್ಲಿ ಅದು ಬೆಳೆಯದಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ಭೂಸ್ವಾಮಿಯ ಕಾನೂನುಬದ್ಧ ಕರ್ತವ್ಯವಾಯಿತು. ಆ ಕರ್ತವ್ಯವನ್ನು ರೈಲ್ವೆಯ ಪಾಳುಜಾಗ, ಗಣಿಯ ಗುಡ್ಡೆ, ಸರ್ಕಾರದ್ದೇ ಆದ ರಸ್ತೆಯ ಅಂಚು ಇವುಗಳ ವಿಷಯದಲ್ಲಿ ಯಾರು ನೆರವೇರಿಸಬೇಕಾಗಿತ್ತು? ಮೆಕ್ಸಿಕೋದಿಂದ ತರಿಸಿದ, ಆ ಗಿಡದ ಎಲೆಯನ್ನು ತಿನ್ನುವ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಬೇಕಾಗಿ ಬಂದುದೇ ಘೋಷಣೆಯ ಬಲವೆಷ್ಟೆಂಬುದನ್ನು ತಿಳಿಸುತ್ತದೆ.

ಗೆರೆಯೆಳೆಯುವ ಉಪಾಯವು ಯಾವಾಗಲೂ ನಿಷ್ಫಲವೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದು, ಮುಂದೆ ಅದರ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ನರು ಕಳೆದ ಶತಮಾನದ ಆರಂಭದಲ್ಲಿ ಜೋಳದ ಮಿಡತೆಯನ್ನು ಕುರಿತು ನಡೆಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಜೋಳವನ್ನು ಮೂಲೋತ್ಪಾಟನ ಮಾಡುತ್ತಿದ್ದ ಈ ಮಿಡತೆ ದಖ್ಖನಿನ ಎರೆಭೂಮಿಗೇ ಮೀಸಲಾದ ಜೀವಿ. ಸ್ಪೇನಿನ ಕೀಟಶಾಸ್ತ್ರಜ್ಞ ಬೊಲಿವಾರ್ ಅದರ ಕುಲಕ್ಕೆ ಕೋಲ್ಮೇನಿಯ ಎಂದು ಕೋಲ್ಮನ್ನರ ಹೆಸರನ್ನೇ ಇಟ್ಟನು. ಅದಕ್ಕೆ ರೆಕ್ಕೆಯಿಲ್ಲ. ಹಾರಲಾರದ್ದರಿಂದ ಅದು ನಡೆದೇ ಸಾಗಬೇಕು, ನೆಲದಲ್ಲಿಯೇ ಮೊಟ್ಟೆಯಿಡಬೇಕು. ಆದುದರಿಂದ ಬೇಸಗೆಯಲ್ಲಿ ಆಳವಾಗಿ ಉತ್ತು ಮೊಟ್ಟೆಯ ಗೂಡುಗಳನ್ನು ಬಿಸಿಲಿಗೆ ಕೆಡವಿ, ಮಳೆಯಾದ ಮೇಲೆ ಮರಿಗಳನ್ನು ಬಲೆಚೀಲಗಳಿಂದ ಬಾಚಿ ಹಿಡಿದರೆ ಒಂದು ಊರಿನ ಹೊಲಗಳನ್ನು ಆ ಊರಿನವರ ಪ್ರಯತ್ನವೇ ಕಾಪಾಡಬಲ್ಲುದಾಗಿತ್ತು. ಆಲೂಗೆಡ್ಡೆಯ ಗಂಟುರೋಗದ ಕತೆಯೂ ಇದಕ್ಕೆ ಸಮೀಪವಾದದ್ದೇ. 1950ರ ದಶಕದಲ್ಲಿ ಡಾರ್ಜಿಲಿಂಗಿನ ಬೆಟ್ಟದಲ್ಲಿ ಕಂಡ ಆ ರೋಗವು ಗೆಡ್ಡೆಯ ಜತೆಯಲ್ಲಿ ಮನುಷ್ಯನ ಕೈಯಿಂದಲೇ ಪಯಣಿಸಬೇಕಾದದ್ದು. ಅಲ್ಲಿಯ ಗೆಡ್ಡೆ ಹೊರಗೆ ಹೋಗಬಾರದೆಂಬ ನಿರ್ಬಂಧವನ್ನು ವಿಧಿಸಿದ ಮೇಲೆ ಅದು ಬಹುಮಟ್ಟಿಗೆ ಬೆಟ್ಟದಲ್ಲಿಯೇ ಉಳಿಯಿತು. ಕಾಲಿನಿಂದ ನಡೆಯುವುದನ್ನೂ ಚೀಲದಲ್ಲಿ ಬರುವುದನ್ನೂ ಗೆರೆ ತಡೆಯಬಲ್ಲದು.

ಹೊಲದ ಗೆರೆಗಿಂತ ಭಿನ್ನವಾದ ಬೇರೊಂದು ಗೆರೆಯನ್ನು ಮದ್ರಾಸು ಪ್ರಾಂತದ 1919ರ ಶಾಸನವು ಎಳೆಯಿತು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಆ ಪ್ರಾಂತಕ್ಕೆ ಸೇರಿದ್ದುದರಿಂದ ಕನ್ನಡಿಗರಿಗೂ ಅದು ಪರಕೀಯವಲ್ಲ. ಕಂಬೋಡಿಯಾ ಹತ್ತಿಯೆಂಬ ಹೊಸ ತಳಿಯು ಎರಡನೆಯ ವರ್ಷವೂ ಹೊಲದಲ್ಲಿ ನಿಂತು ಕಾಯಿಬಿಡಬಲ್ಲುದಾದ್ದರಿಂದ, ರೈತರು ಅದನ್ನು ಕೀಳದೆ ಬಿಡುತ್ತಿದ್ದರು. ಹಾಗೆ ನಿಂತ ಗಿಡವು ಕಾಂಡದ ಮೂತಿಹುಳುವಿಗೂ ಗುಲಾಬಿ ಕಾಯಿಕೊರಕಕ್ಕೂ ವರ್ಷವಿಡೀ ಆಶ್ರಯಕೊಟ್ಟು, ಮುಂದಿನ ಹಂಗಾಮಿನ ಎಳೆಯ ಬೆಳೆಗೆ ಅವನ್ನು ದಾಟಿಸುತ್ತಿತ್ತು. ಗೊತ್ತುಪಡಿಸಿದ ತಾರೀಖಿನೊಳಗಾಗಿ ಹಳೆಯ ಗಿಡಗಳನ್ನೆಲ್ಲ ಕಿತ್ತು ತೆಗೆಯಬೇಕು, ತೆಗೆಯದಿದ್ದಲ್ಲಿ ಸರ್ಕಾರವೇ ತೆಗೆಸಿ ಖರ್ಚನ್ನು ವಸೂಲು ಮಾಡುವುದು ಎಂಬುದು ಆ ಶಾಸನದ ಸಾರ. ಇಲ್ಲಿ ಕಾವಲಿಟ್ಟುದು ನೆಲಕ್ಕಲ್ಲ, ಋತುವಿಗೆ. ವರ್ಷದ ಕೆಲವು ವಾರಗಳ ಕಾಲ ಕೀಟಕ್ಕೆ ಅನ್ನವೇ ಇಲ್ಲದಂತೆ ಮಾಡುವುದು, ಅಷ್ಟೆ. ಸಸ್ಯರಕ್ಷಣೆಯ ಚರಿತ್ರೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ, ಇದಕ್ಕಿಂತ ಮಿತವ್ಯಯದ ಉಪಾಯವನ್ನು ನಾನು ಬೇರೆ ಕಾಣೆ.

ಆಗ್ರಾ ಕಾಲೇಜಿನ ಕೆ. ಸಿ. ಮೆಹ್ತಾ ಅವರು ಗೋಧಿಯ ತುಕ್ಕುರೋಗವನ್ನು ವರ್ಷಗಟ್ಟಲೆ ಬೆನ್ನುಹತ್ತಿ ಹೋಗಿ, 1940ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ತತ್ತ್ವವನ್ನು ಮತ್ತೊಂದು ದಾರಿಯಿಂದ ತಲುಪಿದರು. ಬಯಲುಸೀಮೆಯ ಬೇಸಗೆಯ ಧಗೆಯಲ್ಲಿ ತುಕ್ಕಿನ ಬೀಜಾಣುಗಳು ಬದುಕಲಾರವು. ಬೆಟ್ಟಗಳ ತಂಪಿನಲ್ಲಿ ಅಕಾಲದಲ್ಲಿ ಬೆಳೆಯುವ ಗೋಧಿಯ ಮೇಲೆಯೂ, ತಾನೇ ಹುಟ್ಟಿದ ಗಿಡಗಳ ಮೇಲೆಯೂ ಬದುಕಿಕೊಂಡು, ಗಾಳಿಯೇರಿ ಪ್ರತಿವರ್ಷವೂ ಬಯಲಿಗೆ ಇಳಿದುಬರುತ್ತವೆ. ದಕ್ಷಿಣದ ಮಟ್ಟಿಗೆ ಆ ತವರು ನೀಲಗಿರಿ, ಪಳನಿ ಬೆಟ್ಟಗಳು. ಅಲ್ಲಿಯ ಅಕಾಲದ ಬೆಳೆಯನ್ನು ನಿಲ್ಲಿಸಿರೆಂದು ಅವರು ಸೂಚಿಸಿದರು. ಬೆಟ್ಟದ ಮೇಲಿನ ಬಡವನೊಬ್ಬನ ತುಂಡುಹೊಲದಲ್ಲಿ ನಿಂತ ಗೋಧಿಗೂ ಧಾರವಾಡ, ವಿಜಾಪುರಗಳ ಎರೆಹೊಲಕ್ಕೂ ಇಂಥದೊಂದು ನಂಟಿರಬಹುದೆಂದು ಅವರಿಗೆ ಮುಂಚೆ ಯಾರಾದರೂ ಊಹಿಸಿದ್ದರೆ ಅದು ಆಶ್ಚರ್ಯವೇ ಸರಿ.

ಇನ್ನು ತೊಗರಿಗೆ ಬರೋಣ. ಈ ಸೀಮೆಯ ಮಾತನ್ನಾಡುತ್ತ ತೊಗರಿಯನ್ನು ಇಷ್ಟು ಹೊತ್ತು ಬದಿಗಿರಿಸಿದ್ದೇ ಹೆಚ್ಚು. ಕಾಗಿಣಾ ನದಿಯ ಎರಡೂ ದಂಡೆಗಳಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಬುಡದಿಂದ ಹಿಡಿದು ಶಹಾಬಾದಿನ ಕಲ್ಲುಗಣಿಗಳ ಅಂಚಿನವರೆಗೆ, ಸುಣ್ಣಕಲ್ಲಿನ ಹಾಸಿನ ಮೇಲೆ ಹರಡಿರುವ ಎರೆಮಣ್ಣು ತೊಗರಿಗೆ ಒಪ್ಪುವ ನೆಲ. ಮುಂಗಾರಿನಲ್ಲಿ ಬಿತ್ತಿದ ತೊಗರಿ, ಜತೆಯ ಬೆಳೆಗಳು ಕೊಯ್ಲಾಗಿ ಹೋದ ಮೇಲೂ ಒಂಟಿಯಾಗಿ ನಿಂತು, ಆಳಕ್ಕಿಳಿದ ಬೇರಿನಿಂದ ತೇವವನ್ನು ಹೀರಿಕೊಂಡು, ಡಿಸೆಂಬರು ಜನವರಿಗಳಲ್ಲಿ ರಾಶಿಗೆ ಬರುವುದು. ಕಾಳು ಮನುಷ್ಯನಿಗೆ, ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೂ ತಟ್ಟಿಗೂ. ಉದುರಿದ ಎಲೆ ಭೂಮಿಗೆ. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಈ ಗಿಡಕ್ಕೆ ಎರಡು ಮಹಾವ್ಯಾಧಿಗಳು. ಮೊದಲನೆಯದು ನೆಟೆ ರೋಗ. ಹೂವು ಕಾಯಿಯ ಹೊತ್ತಿಗೆ, ನೆಲದಲ್ಲಿ ತೇವವಿದ್ದಾಗಲೂ, ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಬಾಡಿ ಜೋತುಬೀಳುತ್ತದೆ. ಕಾಂಡದ ಮೇಲೆ ಬುಡದಿಂದ ಏರಿದ ನೇರಳೆ ಬಣ್ಣದ ಪಟ್ಟಿ ಕಾಣುತ್ತದೆ, ಕುಡುಗೋಲಿನಿಂದ ಸೀಳಿ ನೋಡಿದರೆ ಒಳಗಿನ ಕಟ್ಟಿಗೆ ಕಂದು ಕಪ್ಪಾಗಿರುತ್ತದೆ. ಬಿಹಾರದ ಪೂಸಾದಲ್ಲಿದ್ದ ಸಾಮ್ರಾಜ್ಯ ಶಿಲೀಂಧ್ರಶಾಸ್ತ್ರಜ್ಞ ಬಟ್ಲರ್ 1906ರಲ್ಲಿ ಇದನ್ನು ವರ್ಣಿಸಿ, ಮಣ್ಣಿನಲ್ಲಿ ವಾಸಿಸುವ ಫ್ಯುಸೇರಿಯಂ ಎಂಬ ಶಿಲೀಂಧ್ರವೇ ಇದಕ್ಕೆ ಕಾರಣವೆಂದು ತೋರಿಸಿದನು. ಸತ್ತ ಗಿಡದ ಕೂಳೆಯಲ್ಲಿ ಅದು ವರ್ಷಗಟ್ಟಲೆ ಬದುಕಿರುತ್ತದೆ. ಇಂಥ ಶತ್ರು ಹೊಲದ ಒಳಗೇ ಇರುವಾಗ ಹೊಲದ ಸುತ್ತಲೂ ಕಾವಲಿಟ್ಟು ಫಲವೇನು? ಜೋಳದ ಸಾಲುಗಳ ನಡುವೆ ತೊಗರಿಯನ್ನು ಬಿತ್ತುವ, ಒಂದು ಹೊಲಕ್ಕೆ ವರ್ಷ ಬಿಟ್ಟು ವರ್ಷ ತೊಗರಿಯನ್ನು ತರುವ ಹಿಂದಿನವರ ಪದ್ಧತಿ ಇದಕ್ಕೆ ಉತ್ತರವಾಗಿತ್ತು. ಜೋಳದ ಜತೆಯಲ್ಲಿ ಬೆಳೆದ ತೊಗರಿಗೆ ನೆಟೆ ಕಡಿಮೆಯೆಂಬುದನ್ನು ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ಪ್ರಯೋಗಗಳೂ ಕಂಡುಕೊಂಡವು. ಆದರೆ ಬೇಳೆಯ ಬೆಲೆ ಏರಿದಂತೆ, ಜೋಳವುಣ್ಣುವ ರೂಢಿ ಇಳಿದಂತೆ, ಅಡತಿಯ ಅಂಗಡಿಯ ಲೆಕ್ಕವೇ ಹೊಲದ ಲೆಕ್ಕವೂ ಆಗಿ, ಎಕರೆಗಟ್ಟಲೆ ಬರೀ ತೊಗರಿಯೇ ವರ್ಷದಿಂದ ವರ್ಷಕ್ಕೆ ಬಿತ್ತಲ್ಪಟ್ಟಿತು. 1980ರ ದಶಕದ ನಡುವೆ ಬಿಡುಗಡೆಯಾದ, ನೆಟೆಯನ್ನು ತಡೆದುಕೊಳ್ಳಬಲ್ಲ ಮಾರುತಿ ತಳಿಯು ಈ ಸೀಮೆಯ ರೈತನನ್ನು ಬಹುಕಾಲ ಕೈಹಿಡಿದು ನಡೆಸಿತೆಂಬುದು ನಿಜ. ಆದರೂ 2022ರ ಹಂಗಾಮಿನಲ್ಲಿ ಕಾಯಿಕಟ್ಟಿದ ತೊಗರಿ ಹೊಲಹೊಲವೇ ಒಣಗಿ ನಿಂತು, ಸರ್ಕಾರವು ಹೆಕ್ಟೇರಿಗೆ 10,000 ರೂಪಾಯಿಗಳ ಪರಿಹಾರವನ್ನು ಘೋಷಿಸಬೇಕಾಗಿ ಬಂದಿತು.

ತಳಿಯ ಬಲವು ಕ್ಷೀಣಿಸುವುದಕ್ಕೆ ಒಂದು ಕಾರಣವನ್ನು ಹೆಚ್ಚಿನವರು ಗಮನಿಸುವುದಿಲ್ಲ. ತೊಗರಿಯು ಹೆಸರು, ಕಡಲೆಗಳಂತೆ ಕೇವಲ ಸ್ವಪರಾಗದಿಂದ ಕಾಳುಕಟ್ಟುವ ಗಿಡವಲ್ಲ. ಜೇನು, ದುಂಬಿಗಳು ಒಂದು ಹೊಲದ ಪರಾಗವನ್ನು ಇನ್ನೊಂದು ಹೊಲದ ಹೂವಿಗೆ ಧಾರಾಳವಾಗಿ ಒಯ್ಯುತ್ತವೆ. ರೋಗನಿರೋಧಕ ತಳಿಯ ಪಕ್ಕದಲ್ಲಿ ರೋಗಕ್ಕೆ ತುತ್ತಾಗುವ ತಳಿಯಿದ್ದರೆ, ಆ ವರ್ಷದ ರಾಶಿಯಿಂದ ಎತ್ತಿಟ್ಟ ಬೀಜದಲ್ಲಿ ಮುಂದಿನ ವರ್ಷ ಒಂದಷ್ಟು ಗಿಡಗಳು ನಿರೋಧಶಕ್ತಿಯನ್ನು ಕಳೆದುಕೊಂಡೇ ಹುಟ್ಟುತ್ತವೆ. ಆದುದರಿಂದಲೇ ಪ್ರಮಾಣಿತ ಬೀಜದ ತಾಕಿನ ಸುತ್ತ ನೂರು ಮೀಟರಿಗೆ ಕಡಿಮೆಯಿಲ್ಲದ ಅಂತರದಲ್ಲಿ ಬೇರೆ ತೊಗರಿ ಇರಕೂಡದೆಂಬ ನಿಯಮವಿದೆ. ಇಡೀ ತಾಲ್ಲೂಕಿನಲ್ಲಿ ನಿಜವಾಗಿ ಕಾಯಬೇಕಾದ ರಕ್ಷಿತ ವಲಯವೆಂದರೆ ನಾನು ಮೊದಲು ಇದನ್ನೇ ಹೆಸರಿಸುವೆನು. ಅದು ಗಾತ್ರದಲ್ಲಿ ಸಣ್ಣದು, ಕೈಗೆ ನಿಲುಕುವಂಥದು. ಬೀಜಕ್ಕೆ ಕೆಮ್ಮಣ್ಣು ಕಟ್ಟಿ, ಬೇವಿನ ಸೊಪ್ಪಿನೊಡನೆ ಜೋಪಾನಮಾಡುತ್ತಿದ್ದ ಮನೆಗಳಲ್ಲಿ ಹುಳು ಹತ್ತದಂತೆ ಕಾಯುವ ವಿದ್ಯೆಯಿತ್ತು. ಹೂವಿನ ಕಾಲದಲ್ಲಿಯೇ ಪರಾಗವು ಬೆರೆತುಹೋಗುವುದನ್ನು ಕಾಯಲು ಒಂದು ಮನೆಯಿಂದ ಸಾಧ್ಯವಿಲ್ಲ, ಅದಕ್ಕೆ ಊರೇ ಒಪ್ಪಬೇಕು.

ಎರಡನೆಯ ವ್ಯಾಧಿ ಗೊಡ್ಡು ರೋಗ. ಹೊಲವೆಲ್ಲ ಹಣ್ಣಾಗಿ ಹಳದಿಗೆ ತಿರುಗಿರುವಾಗ ನಡುನಡುವೆ ಕೆಲವು ಗಿಡಗಳು ಪೊದೆಪೊದೆಯಾಗಿ, ಸಣ್ಣ ಸಣ್ಣ ಎಲೆಗಳ ಮೇಲೆ ತಿಳಿಹಸುರು ಗಾಢಹಸುರುಗಳ ಚಿತ್ತಾರವನ್ನು ಹೊತ್ತು, ಒಂದು ಹೂವನ್ನೂ ಬಿಡದೆ ನಿಂತಿರುತ್ತವೆ. ದೂರದಿಂದ ನೋಡಿದವರಿಗೆ ಅವೇ ಸಮೃದ್ಧವಾಗಿ ಕಾಣುವುದು ಈ ರೋಗದ ಕ್ರೌರ್ಯ. ಪೂಸಾದಲ್ಲಿ ಮಿತ್ರಾ ಎಂಬುವರು 1931ರಲ್ಲಿ ಇದನ್ನು ಮೊದಲು ದಾಖಲಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ನುಸಿ ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದೆಂಬುದು 1960ರ ದಶಕದಲ್ಲಿ ಗೊತ್ತಾಯಿತು. ರೋಗಕ್ಕೆ ಮೂಲವಾದ ವೈರಸ್ಸನ್ನು ಗುರುತಿಸಲು ಶತಮಾನದ ಅಂಚಿನವರೆಗೂ ಕಾಯಬೇಕಾಯಿತು. ನಮ್ಮ ತೆಂಗಿನ ಕಾಯನ್ನು ಸುಕ್ಕಾಗಿಸಿದ ನುಸಿಯ ಕುಲಕ್ಕೇ ಸೇರಿದ ಈ ನುಸಿಗೆ ರೆಕ್ಕೆಯಿಲ್ಲ, ಆದರೆ ಗಾಳಿಯಿದೆ. ಜೋಳದ ಮಿಡತೆಯ ಎದುರು ಗೆದ್ದ ಉಪಾಯವು ಇಲ್ಲಿ ಸೋಲುವುದು ಈ ಕಾರಣದಿಂದ. ನೆಟೆಯನ್ನು ಗೆದ್ದ ಮಾರುತಿ ತಳಿಯೂ ಗೊಡ್ಡಿಗೆ ತಲೆಬಾಗಿತು.

ಆದರೆ ಈ ನುಸಿಗೊಂದು ದೌರ್ಬಲ್ಯವಿದೆ. ಅದು ತೊಗರಿಯನ್ನೂ ತೊಗರಿಯ ಕೆಲವು ಕಾಡುಬಂಧುಗಳನ್ನೂ ಬಿಟ್ಟು ಬೇರೆ ಗಿಡದಲ್ಲಿ ಬಾಳಲಾರದು. ರಾಶಿಯಾದ ಜನವರಿಯಿಂದ ಮುಂಗಾರಿನ ಬಿತ್ತನೆಯ ಜೂನಿನವರೆಗೆ ಅದು ಎಲ್ಲಿ ದಿನ ಕಳೆಯುತ್ತದೆ? ಹಿತ್ತಿಲಲ್ಲಿ ಹಸಿಕಾಯಿಗೆಂದು ಉಳಿಸಿಕೊಂಡ ಎರಡು ಗಿಡಗಳಲ್ಲಿ, ಬಾವಿಯ ಪಸೆಗೆ ಚಿಗುರಿದ ಕೂಳೆಯಲ್ಲಿ, ಕಾಲುವೆಯ ಅಂಚಿನಲ್ಲಿ ತಾನೇ ಮೊಳೆತ ಸಸಿಯಲ್ಲಿ. ಬೇಸಗೆಯಲ್ಲಿಯೇ ಸಸಿ ಬೆಳೆಸಿ ಮಳೆ ಬಿದ್ದೊಡನೆ ನಾಟಿಮಾಡುವ ಈಚಿನ ಪದ್ಧತಿ ಇಳುವರಿಗೆ ಒಳ್ಳೆಯದೇ ಆದರೂ, ಹಸುರಿಲ್ಲದ ಆ ಅವಧಿಯನ್ನು ಅದು ಇನ್ನಷ್ಟು ಮೊಟಕುಮಾಡುತ್ತದೆ. ಕಂಬೋಡಿಯಾ ಹತ್ತಿಗೆ 1919ರಲ್ಲಿ ಅನ್ವಯಿಸಿದ ಮಾತು, ನೀಲಗಿರಿಯ ಗೋಧಿಗೆ 1940ರಲ್ಲಿ ಆಡಿದ ಮಾತು ಇಲ್ಲಿಗೆ ಅಕ್ಷರಶಃ ಹೊಂದುತ್ತದೆ. ಶಾಸ್ತ್ರವು ಈ ವಿಷಯದಲ್ಲಿ ಹಿಂದುಳಿದಿಲ್ಲ. ರೋಗ ಕಂಡ ಗಿಡವನ್ನು ಎಳೆಯದರಲ್ಲಿಯೇ ಕಿತ್ತು ಸುಡಿರಿ, ಕೂಳೆ ಬಿಡಬೇಡಿರಿ ಎಂದು ಕೃಷಿ ವಿಶ್ವವಿದ್ಯಾಲಯಗಳು ಹೇಳುತ್ತಲೇ ಬಂದಿವೆ. ಆದರೆ ಅದು ಉಪದೇಶವಾಗಿಯೇ ಉಳಿದಿದೆ. ಒಬ್ಬನು ಕಿತ್ತು ಪಕ್ಕದವನು ಉಳಿಸಿದರೆ ಕಿತ್ತವನಿಗೆ ಲಾಭವಿಲ್ಲವೆಂಬುದು ಎಲ್ಲ ಒಕ್ಕಲಿಗರಿಗೂ ಗೊತ್ತು. ಉಪದೇಶವು ಸೋಲುವುದು ಅವರ ಉದಾಸೀನದಿಂದಲ್ಲ, ಈ ಅರಿವಿನಿಂದಲೇ.

ಕಾಯಿಕೊರಕದ ಮಾತು ಬೇರೆ. ಇರುಳಿನಲ್ಲಿ ಹಾರುವ ಪತಂಗವನ್ನು ಯಾವ ಗೆರೆಯೂ ತಡೆಯದು. ಹತ್ತಿ, ಕಡಲೆ, ಟೊಮ್ಯಾಟೊ ಎಲ್ಲವೂ ಅದಕ್ಕೆ ಆಹಾರವೇ. 1997–98ರ ಹಂಗಾಮಿನಲ್ಲಿ ಅದು ಬೀದರ, ಗುಲಬರ್ಗಾ ಜಿಲ್ಲೆಗಳ ತೊಗರಿಯನ್ನು ತಿಂದು, ಔಷಧದ ಸಾಲ ಹೊತ್ತ ರೈತರು ಪ್ರಾಣ ಕಳೆದುಕೊಂಡ ಕತೆಯನ್ನು ಈ ಸೀಮೆ ಮರೆತಿಲ್ಲ. ಸಿಂಪಡಿಸಿದ ವಿಷಕ್ಕೆ ಸಾಯದ ಹುಳುವನ್ನು ಆಗ ರೈತರು ಕೈಯಿಂದಲೇ ಎದುರಿಸಿದರು: ಇಬ್ಬರು ಸಾಲಿನ ಎರಡು ಬದಿಯಲ್ಲಿ ಹಾಳೆಯನ್ನು ಹಿಡಿದು ನಿಲ್ಲುವರು, ಮೂರನೆಯವನು ಗಿಡವನ್ನು ಬಗ್ಗಿಸಿ ಜಾಡಿಸುವನು, ಮಳೆಹನಿಯಂತೆ ಪಟಪಟನೆ ಬಿದ್ದ ಹುಳುಗಳನ್ನು ಒಟ್ಟುಗೂಡಿಸಿ ಕೊಲ್ಲುವರು. ಹಿಂದಿನವರಿಂದ ಬಂದ ಈ ಕ್ರಮವನ್ನು ವಿಜ್ಞಾನಿಗಳು ಆಗ ಗೌರವದಿಂದ ನೋಡಿ, ಬೇರೆಡೆಯ ರೈತರಿಗೂ ಹೇಳಿಕೊಟ್ಟರು.

ರಾಜಕೀಯದ ಗಡಿಗೂ ಬೆಳೆಯ ಗಡಿಗೂ ಹೊಂದಿಕೆಯಿಲ್ಲದಿರುವುದು ಈ ಸೀಮೆಯ ವಿಶೇಷ ಕಷ್ಟ. ನಿಜಾಮರ ಕಾಲದಲ್ಲಿ ಗುಲಬರ್ಗಾ ಜಿಲ್ಲೆಗೇ ಸೇರಿದ್ದ ತಾಂಡೂರು, ಕೊಡಂಗಲ್ ತಾಲ್ಲೂಕುಗಳು 1956ರ ನವೆಂಬರ 1ರಂದು ಆಂಧ್ರಕ್ಕೆ ಹೋದವು, ಸೇಡಂ ಚಿಂಚೋಳಿಗಳು ಮೈಸೂರಿಗೆ ಬಂದವು. ಭಾಷೆಯ ದೃಷ್ಟಿಯಿಂದ ನ್ಯಾಯವಾದ ಆ ವಿಭಜನೆಯು ಒಂದೇ ಸುಣ್ಣಕಲ್ಲಿನ, ಒಂದೇ ಎರೆಯ, ಒಂದೇ ತೊಗರಿಯ ಪಟ್ಟಿಯನ್ನು ನಡುವೆ ಸೀಳಿತು. ತಾಂಡೂರಿನ ತೊಗರಿಗೂ 2022ರಲ್ಲಿ ಪ್ರತ್ಯೇಕವಾಗಿ ಭೌಗೋಳಿಕ ಸೂಚಕವು ಬಂದುದರಿಂದ, ಗಡಿಯ ಎರಡು ಬದಿಯಲ್ಲಿಯೂ ಎರಡು ಹೆಸರಿನ ಬೇಳೆಗಳು ಇಂದು ತಕ್ಕಡಿಗೆ ಏರುತ್ತಿವೆ. ಮೈಸೂರು ರಾಜ್ಯವು 1968ರಲ್ಲಿ ಕೃಷಿ ಕೀಟ ಮತ್ತು ರೋಗಗಳ ಅಧಿನಿಯಮವನ್ನು ಮಾಡಿ, ಹಳೆಯ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು ಸೀಮೆಗಳಿಗೆಲ್ಲ ಏಕರೂಪದ ಕಾನೂನನ್ನು ಕೊಟ್ಟಿತು. ಒಂದು ಪ್ರದೇಶವನ್ನು ಅಧಿಸೂಚಿಸಿ, ಅಲ್ಲಿ ಇಂಥ ರೋಗದ ನಿವಾರಣೆಗೆ ಇಂಥ ಕ್ರಮ ಕೈಗೊಳ್ಳಬೇಕೆಂದು ವಿಧಿಸುವ ಅಧಿಕಾರ ಅದರಲ್ಲಿದೆ. ಆದರೆ ಅದರ ಕೈ ರಾಜ್ಯದ ಗಡಿಯವರೆಗೆ ಮಾತ್ರ ಚಾಚುತ್ತದೆ, ನುಸಿಯನ್ನು ಹೊತ್ತ ಗಾಳಿ ಅಲ್ಲಿ ನಿಲ್ಲುವುದಿಲ್ಲ.

ಯುರೋಪಿನ ಒಕ್ಕೂಟದಲ್ಲಿ, ಸುತ್ತಲಿನ ದೇಶಗಳಲ್ಲಿ ಬೇರೂರಿದ ಪೀಡೆಯೊಂದು ಇನ್ನೂ ಮುಟ್ಟದೆ ಉಳಿದ ಭಾಗಗಳನ್ನು ರಕ್ಷಿತ ವಲಯಗಳೆಂದು ಹೆಸರಿಸಿ, ಅವುಗಳೊಳಗೆ ಹೋಗುವ ಗಿಡ ಗೆಡ್ಡೆಗಳಿಗೆ ವಿಶೇಷ ಪರೀಕ್ಷೆ ನಡೆಸುವ ಪದ್ಧತಿಯುಂಟು. ಸಮುದ್ರದಿಂದ ಸುತ್ತುವರಿದ ಐರ್ಲೆಂಡಿನಂಥ ನೆಲಕ್ಕೆ ಅದು ಬಹಳ ಒಪ್ಪುತ್ತದೆ. ನಮ್ಮಲ್ಲಿ 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಮೊದಲು ಕಂಡ ಅಮೆರಿಕದ ಸೈನಿಕಹುಳು, ಗೆರೆಯೆಳೆಯಬೇಕೆ ಬೇಡವೇ ಎಂಬ ವಿಚಾರ ಮುಗಿಯುವುದಕ್ಕೆ ಮೊದಲೇ ದೇಶದ ಬಹುಭಾಗವನ್ನು ವ್ಯಾಪಿಸಿತು. ಅದನ್ನು ಕಂಡವರು ತೊಗರಿಯ ನಾಡಿನ ಸುತ್ತ ತನಿಖಾ ಠಾಣೆಗಳನ್ನು ಕಟ್ಟಿರೆಂದು ಸಲಹೆ ಕೊಡಲಾರರು. ಬೀಜದ ತಾಕಿನ ಅಂತರವನ್ನು ಊರಿನ ಒಪ್ಪಿಗೆಯಿಂದ ಕಾಯುವುದು, ರಾಶಿಯಾದ ಬಳಿಕ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಹಸುರು ತೊಗರಿ ಎಲ್ಲಿಯೂ ನಿಲ್ಲಕೂಡದೆಂದು ಗೊತ್ತುಮಾಡುವುದು, ಹಿತ್ತಿಲ ಗಿಡವನ್ನು ಕಳೆದುಕೊಳ್ಳುವ ಬಡ ಮನೆಗೆ ಅದಕ್ಕೆ ಬದಲಾಗಿ ಏನನ್ನಾದರೂ ಕೊಡುವುದು, ಇವು ಇಂದು ಇರುವ ಕಾನೂನಿನ ಚೌಕಟ್ಟಿನಲ್ಲಿಯೇ ಸಾಧ್ಯವೆಂದು ನಾನು ದೃಢವಾಗಿ ನಂಬುತ್ತೇನೆ. ಚಿಂಚೋಳಿಯ ಕೂಳೆಯನ್ನು ಕಿತ್ತ ವಾರದಲ್ಲಿಯೇ ತಾಂಡೂರಿನ ಕೂಳೆಯೂ ಹೋಗಬೇಕಾದುದರಿಂದ ಆ ತಾರೀಖನ್ನು ಬೆಂಗಳೂರೂ ಹೈದರಾಬಾದೂ ಕೂಡಿಯೇ ಗೊತ್ತುಮಾಡಬೇಕು. ಗೊತ್ತುಮಾಡುವುದಕ್ಕೆ ಮುನ್ನ ಎರಡೂ ಕಡೆಯ ರೈತರನ್ನು ಒಂದೆಡೆ ಕೂರಿಸಿ, ರಾಶಿ ಯಾವ ಊರಿನಲ್ಲಿ ಯಾವಾಗ ಮುಗಿಯುತ್ತದೆಂದು ಅವರನ್ನೇ ಕೇಳಬೇಕು.